ಊಟವೇ ಚಿಂತೆಯಾದಾಗ: 20 ವಾರಗಳ ಥೆರಪಿಯ ವಿಮರ್ಶೆ

ಊಟ, ತೂಕ, ಮೈಕಟ್ಟು ಈ ಮೂರರ ಲೆಕ್ಕಾಚಾರವೇ ದಿನದ ಬಹುಪಾಲನ್ನು ನುಂಗುತ್ತಿದ್ದ ಕಾಲದಲ್ಲಿ, ಅಂದರೆ ಈಟಿಂಗ್ ಡಿಸಾರ್ಡರ್ ಎಂಬ ಕಾಯಿಲೆಯ ದಿನಗಳಲ್ಲಿ, ನಾನು ಒಂದು ಮನೋಚಿಕಿತ್ಸಾ ಕೇಂದ್ರಕ್ಕೆ ಹೊರರೋಗಿಯಾಗಿ ಸೇರಿ, 20 ವಾರಗಳಲ್ಲಿ 20 ಸೆಷನ್‌ಗಳನ್ನು ಮುಗಿಸಿದೆ. ಕೇಂದ್ರದ ಹೆಸರನ್ನು ಬರೆಯುವುದಿಲ್ಲ. ಅಲ್ಲಿನ ಥೆರಪಿಸ್ಟ್ ಬಗ್ಗೆ ನನಗಿರುವ ಗೌರವ ದೊಡ್ಡದು, ಕೇಂದ್ರದ ವ್ಯವಸ್ಥೆಯ ಬಗ್ಗೆ ಇರುವ ದೂರುಗಳೂ ಸಣ್ಣವಲ್ಲ. ಆದರೆ ಇಂಥದೇ ಬಾಗಿಲ ಮುಂದೆ ಒಳಗೆ ಹೋಗಲೋ ಬೇಡವೋ ಎಂದು ನಿಂತಿರುವವರಿಗೆ ಬೇಕಾಗುವುದು ಬಾಗಿಲ ಮೇಲಿನ ಬೋರ್ಡಲ್ಲ, ಒಳಗೆ ಏನು ನಡೆಯುತ್ತದೆ ಎಂಬ ವಿವರ.

ಇಲ್ಲಿಗೆ ಬರುವ ಮುನ್ನ ಎರಡು ಕಡೆ ಎಡವಿದ್ದೆ. ಒಬ್ಬ ವೈದ್ಯರು ನನ್ನ ತೂಕ ಇಳಿದದ್ದನ್ನು ನೋಡಿ ಸಂತೋಷಪಟ್ಟು, ಹೀಗೇ ಮುಂದುವರಿಸಿ ಎಂದು ಬೆನ್ನು ತಟ್ಟಿ ಕಳಿಸಿದರು; ಅದು ಹೇಗೆ ಇಳಿಯಿತು ಎಂದು ಮಾತ್ರ ಕೇಳಲಿಲ್ಲ. ಆಮೇಲೆ ಹೋದ ಆಪ್ತ ಸಮಾಲೋಚಕರು ಆರು ವಾರ ನನ್ನ ಬಾಲ್ಯದ ಕಥೆಯನ್ನು ಅಕ್ಕರೆಯಿಂದಲೇ ಕೇಳಿಸಿಕೊಂಡರು. ಹಿಂದಿನ ರಾತ್ರಿ ಬಾಗಿಲು ಹಾಕಿಕೊಂಡು ಹೊಟ್ಟೆ ನೋಯುವವರೆಗೆ ತಿಂದದ್ದನ್ನು ಹೇಳಲು ಆ ಆರು ವಾರಗಳಲ್ಲಿ ನನಗೆ ಸಂದರ್ಭವೇ ಸಿಗಲಿಲ್ಲ. ಸಂದರ್ಭ ಸಿಗದಂತೆ ನಾನೂ ನೋಡಿಕೊಂಡೆ ಎನ್ನುವುದು ಹೆಚ್ಚು ಪ್ರಾಮಾಣಿಕವಾದ ಮಾತು. ಈ ಕಾಯಿಲೆ ನಾಚಿಕೆಯ ಮರೆಯಲ್ಲಿ ಬೆಳೆಯುತ್ತದೆ. ನೇರವಾಗಿ ಕೇಳದ ಹೊರತು ಅದು ತಾನಾಗಿ ಬಾಯಿಬಿಡುವುದಿಲ್ಲ.

ಈ ಕೇಂದ್ರದಲ್ಲಿ ನೇರವಾಗಿ ಕೇಳಿದರು. ಒಂದೂವರೆ ಗಂಟೆಯ ಮೊದಲ ಭೇಟಿಯಲ್ಲಿ ಊಟ ಬಿಡುವುದು, ಮಿತಿಮೀರಿ ತಿನ್ನುವುದು, ವಾಂತಿ ಮಾಡಿಕೊಳ್ಳುವುದು, ದಂಡನೆಯಂತೆ ವ್ಯಾಯಾಮ ಮಾಡುವುದು ಎಲ್ಲವನ್ನೂ ಹವಾಮಾನ ವಿಚಾರಿಸುವಷ್ಟು ಸಹಜವಾಗಿ ಕೇಳಿದ ರೀತಿಯೇ ನನ್ನ ಅರ್ಧ ಭಾರವನ್ನು ಇಳಿಸಿತು. ರಕ್ತಪರೀಕ್ಷೆ ಮತ್ತು ಇಸಿಜಿ ಮಾಡಿಸಿಕೊಂಡು ಬಂದ ಮೇಲೆಯೇ ಮುಂದಿನ ಮಾತು ಎಂದರು. ಆಗ ಅದು ಅನಗತ್ಯ ಓಡಾಟವೆನಿಸಿತ್ತು. ಪದೇ ಪದೇ ವಾಂತಿ ಮಾಡುವವರ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತವೇ ಲಯ ತಪ್ಪಬಹುದು, ಅದು ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ ಎಂದು ತಿಳಿದ ಮೇಲೆ, ದೇಹದ ಪರೀಕ್ಷೆಯ ಮಾತೇ ಎತ್ತದೆ ಕೇವಲ ಮಾತಿನ ಚಿಕಿತ್ಸೆ ಶುರುಮಾಡುವ ಜಾಗವನ್ನು ನಾನು ಯಾರಿಗೂ ಸೂಚಿಸಲಾರೆ.

ಅವರು ಅನುಸರಿಸಿದ್ದು ಸಿಬಿಟಿ-ಇ ಎಂಬ ಪದ್ಧತಿಯನ್ನು; ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿಯ, ಈ ಕಾಯಿಲೆಗಳಿಗೆಂದೇ ರೂಪಿಸಿದ ಬಗೆ ಅದು. ಆಕ್ಸ್‌ಫರ್ಡ್‌ನ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ಮತ್ತು ಅವರ ತಂಡ ರೂಪಿಸಿದ ಈ ಚಿಕಿತ್ಸೆಯಲ್ಲಿ ಮೊದಲ ನಾಲ್ಕು ವಾರ ವಾರಕ್ಕೆ ಎರಡು ಬಾರಿ, ಆಮೇಲೆ ವಾರಕ್ಕೊಮ್ಮೆ, ಕೊನೆಯಲ್ಲಿ ಎರಡು ವಾರಕ್ಕೊಮ್ಮೆ ಭೇಟಿಯಾಗಬೇಕಾಗುತ್ತದೆ; ತೂಕ ತೀರಾ ಕಡಿಮೆ ಇರುವವರಿಗೆ ಇದು ಸುಮಾರು 40 ಸೆಷನ್‌ಗಳವರೆಗೆ ಹೋಗುತ್ತದೆ. ಇದು ಮನಸ್ಸು ಬಿಚ್ಚಿ ಅಳುವುದಕ್ಕೆ ಹೇಳಿಮಾಡಿಸಿದ ಚಿಕಿತ್ಸೆಯಲ್ಲ, ಅಳು ಬಂದರೆ ಯಾರೂ ತಡೆಯುವುದಿಲ್ಲ ಅಷ್ಟೆ. ಪ್ರತಿ ಸೆಷನ್‌ಗೂ ಕಾರ್ಯಸೂಚಿ ಇರುತ್ತದೆ, ಹೋಂವರ್ಕ್ ಇರುತ್ತದೆ.

ಹೋಂವರ್ಕ್‌ನಲ್ಲಿ ಮೊದಲನೆಯದು ದಾಖಲೆ ಹಾಳೆ. ಎಷ್ಟು ಗಂಟೆಗೆ, ಏನು, ಎಲ್ಲಿ ತಿಂದದ್ದು, ಅದು ಮಿತಿಮೀರಿತು ಎನಿಸಿತೇ, ಆಗ ಮನಸ್ಸಿನಲ್ಲಿ ಏನು ಓಡುತ್ತಿತ್ತು ಎಂಬುದನ್ನು ತಿಂದ ಕೂಡಲೇ ಬರೆಯಬೇಕು. ಕ್ಯಾಲರಿ ಬರೆಯುವಂತಿಲ್ಲ. ವರ್ಷಗಟ್ಟಲೆ ಅದನ್ನೇ ಮಾಡಿಕೊಂಡು ಬಂದಿದ್ದ ನನಗೆ ಅಂಕಿಯಿಲ್ಲದ ದಾಖಲೆ ಎಂದರೆ ಏನೆಂದೇ ಹೊಳೆಯಲಿಲ್ಲ. ಮೂರನೆಯ ಸೆಷನ್‌ಗೆ ನಾನು ಒಪ್ಪ ಓರಣವಾದ ಹಾಳೆಗಳನ್ನು ತೆಗೆದುಕೊಂಡು ಹೋಗಿದ್ದೆ. ಥೆರಪಿಸ್ಟ್ ಒಂದೊಂದನ್ನೇ ಮೇಜಿನ ಮೇಲೆ ಸಾಲಾಗಿ ಹರಡಿ, ಸ್ವಲ್ಪ ಹೊತ್ತು ನೋಡಿ, "ಎಲ್ಲ ದಿನವೂ ಒಂದೇ ಪೆನ್ನು, ಅಕ್ಷರವೂ ಒಂದೇ ಓರೆ. ಇದನ್ನು ನಿನ್ನೆ ರಾತ್ರಿ ಕೂತು ಬರೆದಿರಾ?" ಎಂದು ಕೇಳಿದರು. ಹೌದು ಎಂದೆ. ಅವರು ಬೈಯಲಿಲ್ಲ. ಆ ಹಾಳೆಗಳನ್ನು ಪಕ್ಕಕ್ಕಿಟ್ಟು, ಆ ದಿನ ಬೆಳಗ್ಗೆ ಎದ್ದಾಗಿನಿಂದ ಅವರೆದುರು ಕೂರುವವರೆಗಿನದನ್ನು ಮಾತ್ರ ಇಬ್ಬರೂ ಸೇರಿ ಹೊಸ ಹಾಳೆಯಲ್ಲಿ ಬರೆದೆವು. ಅದು ಅರ್ಧ ಗಂಟೆ ಹಿಡಿಯಿತು. ಆಮೇಲಿನ ಹಾಳೆಗಳಲ್ಲಿ ಕಾಟು ಗೀಟು, ಪೆನ್ಸಿಲು, ಎಣ್ಣೆಯ ಕಲೆ ಎಲ್ಲ ಇದ್ದವು, ಮತ್ತು ಅವೇ ಕೆಲಸಕ್ಕೆ ಬಂದವು. ಮಿತಿಮೀರಿ ತಿಂದ ಪ್ರತಿ ರಾತ್ರಿಯ ಹಿಂದೆ ಹೆಚ್ಚುಕಡಿಮೆ ಖಾಲಿ ಹೊಟ್ಟೆಯ ಹಗಲೊಂದು ಇತ್ತು ಎಂಬುದು ಎರಡು ವಾರದೊಳಗೆ ಕಾಗದದ ಮೇಲೆಯೇ ಕಂಡಿತು. ನನ್ನ ಮಟ್ಟಿಗೆ ಅದುವರೆಗೆ ರಾತ್ರಿಯದು ಅಪರಾಧ, ಹಗಲಿನದು ಶಿಸ್ತು.

ಇದಕ್ಕೆ ಅವರು ಕೊಟ್ಟ ಮದ್ದು ಕೇಳಲು ತೀರಾ ಸಪ್ಪೆ: ದಿನಕ್ಕೆ ಮೂರು ಊಟ, ನಡುವೆ ಎರಡು ಅಥವಾ ಮೂರು ಬಾರಿ ಏನಾದರೂ ಸ್ವಲ್ಪ, ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬಿಡುವಂತಿಲ್ಲ. ಹಸಿವಾದರೂ ಆಗದಿದ್ದರೂ ತಿನ್ನಬೇಕು, ಹಿಂದಿನ ರಾತ್ರಿ ಏನೇ ಆಗಿರಲಿ ಬೆಳಗಿನದನ್ನು ಬಿಡಬಾರದು. ಏನನ್ನು ತಿನ್ನಬೇಕೆಂಬುದನ್ನು ಆ ಹಂತದಲ್ಲಿ ಅವರು ಮುಟ್ಟಲೇ ಇಲ್ಲ, ಯಾವಾಗ ಎಂಬುದಷ್ಟೇ ಮುಖ್ಯವಾಗಿತ್ತು. ಡಯಟ್ ಚಾರ್ಟ್ ಕೊಟ್ಟಿದ್ದರೆ ನಾನು ಅದನ್ನೂ ಪಾಲಿಸಬೇಕಾದ ಇನ್ನೊಂದು ಕಾನೂನು ಮಾಡಿಕೊಂಡು, ಮುರಿದ ದಿನ ಇನ್ನೊಂದು ಶಿಕ್ಷೆ ವಿಧಿಸಿಕೊಳ್ಳುತ್ತಿದ್ದೆ.

ನಾನು ನಂಬದೆ ವಾದಕ್ಕಿಳಿದಾಗ ಅವರು 1944–45ರ ಒಂದು ಪ್ರಯೋಗದ ಕಥೆ ಹೇಳಿದರು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಯುದ್ಧದಲ್ಲಿ ಆಯುಧ ಹಿಡಿಯಲು ಒಪ್ಪದ 36 ಆರೋಗ್ಯವಂತ ಯುವಕರಿಗೆ, ಅವರ ಒಪ್ಪಿಗೆಯ ಮೇಲೆ, 24 ವಾರಗಳ ಕಾಲ ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಮೊದಲು ಊಟದ ಬಗ್ಗೆ ವಿಶೇಷ ಗಮನವೇ ಇಲ್ಲದಿದ್ದ ಅವರು ಅಡುಗೆ ಪುಸ್ತಕಗಳನ್ನು ಓದತೊಡಗಿದರು, ತಟ್ಟೆಯ ಮುಂದೆ ಗಂಟೆಗಟ್ಟಲೆ ಕೂತರು, ಜನರಿಂದ ದೂರವಾದರು, ಮಂಕಾದರು. ಊಟ ಮತ್ತೆ ಸಿಕ್ಕ ಮೇಲೂ ಹಲವರಿಗೆ ಎಷ್ಟು ತಿಂದರೂ ತೃಪ್ತಿಯೇ ಇರಲಿಲ್ಲ. ನನ್ನ ಸ್ವಭಾವದ ಕೊಳಕು ಎಂದು ನಾನು ಮುಚ್ಚಿಟ್ಟುಕೊಂಡಿದ್ದ ಒಂದೊಂದು ಅಭ್ಯಾಸವನ್ನೂ ಆ ಗಟ್ಟಿಮುಟ್ಟಾದ ಗಂಡಸರ ಪಟ್ಟಿಯಲ್ಲಿ ಕೇಳಿದಾಗ ಸುಮ್ಮನೆ ಕೂತುಬಿಟ್ಟೆ. ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಬಿಎಂಐ ಎಂಬ ಅಂಕಿಯ ಹೆಸರನ್ನು 1972ರಲ್ಲಿ ಬಳಕೆಗೆ ತಂದವರೂ ಇದೇ ಕೀಸ್ ಎಂಬುದು ಆಮೇಲೆ ತಿಳಿದ ವಿಷಯ. ನನ್ನ ಕಾಯಿಲೆಯನ್ನು ಅರ್ಥಮಾಡಿಸಿದ ಮನುಷ್ಯ, ನಾನು ಕಾಯಿಲೆಯ ದಿನಗಳಲ್ಲಿ ಜಪಿಸುತ್ತಿದ್ದ ಅಂಕಿಗೂ ಹೆಸರಿಟ್ಟವರು.

ತೂಕ ನೋಡುವುದು ವಾರಕ್ಕೊಮ್ಮೆ, ಥೆರಪಿಸ್ಟ್ ಎದುರಿಗೆ ಮಾತ್ರ. ಮನೆಯ ಯಂತ್ರವನ್ನು ಕಣ್ಣಿಗೆ ಕಾಣದಂತೆ ಇಡಬೇಕು. ಬಂದ ಅಂಕಿಯನ್ನು ಗ್ರಾಫಿನಲ್ಲಿ ಗುರುತಿಸಿ, ಕನಿಷ್ಠ ನಾಲ್ಕು ವಾರದ ಚುಕ್ಕೆಗಳನ್ನು ಒಟ್ಟಿಗೆ ನೋಡದೆ ಏರಿತು, ಇಳಿಯಿತು ಎಂಬ ಮಾತು ಆಡುವಂತಿರಲಿಲ್ಲ. ಹೊತ್ತುಹೊತ್ತಿಗೆ ತಿಂದರೆ ತೂಕ ಕೈಮೀರಿ ಏರಿಬಿಡುತ್ತದೆ ಎಂಬ ನನ್ನ ಭಯವನ್ನು ಅವರು ಮಾತಿನಿಂದ ಸಮಾಧಾನಪಡಿಸಲು ಹೋಗಲಿಲ್ಲ, ಆ ಗ್ರಾಫಿಗೇ ಬಿಟ್ಟರು.

ಊಟದ ಭಾಗ ಇಷ್ಟು ಬೇಗ ಹದಕ್ಕೆ ಬಂದದ್ದು ನೋಡಿ ಮೈಯ ಬಗೆಗಿನ ಜಿಗುಪ್ಸೆಯೂ ಹಾಗೆಯೇ ಹೋಗುತ್ತದೆ ಎಂದುಕೊಂಡಿದ್ದೆ. ಅದು ಹೋಗಲಿಲ್ಲ, ಬಹಳ ನಿಧಾನವಾಗಿ ಸಡಿಲಾಯಿತು. ಕನ್ನಡಿ, ಕಿಟಕಿಯ ಗಾಜು, ಆಫ್ ಆಗಿರುವ ಮೊಬೈಲಿನ ಪರದೆ, ಎಲ್ಲೆಲ್ಲಿ ನನ್ನ ಬಿಂಬ ಬೀಳುತ್ತದೋ ಅಲ್ಲೆಲ್ಲ ಮೈಯನ್ನು ತಪಾಸಣೆ ಮಾಡುವ ಚಟ ನನಗಿತ್ತು. ಒಂದು ದಿನದ ಮಟ್ಟಿಗೆ ಅದನ್ನು ಗೀಟು ಹಾಕಿ ಎಣಿಸಲು ಹೇಳಿದರು. ಮಧ್ಯಾಹ್ನದೊಳಗೆ ಹಾಳೆಯ ಒಂದು ಮಗ್ಗುಲು ತುಂಬಿತು. ಇನ್ನೊಂದು ವಾರದ ಕೆಲಸ ಇನ್ನೂ ಸೊಗಸಾಗಿತ್ತು. ಜನಜಂಗುಳಿಯಲ್ಲಿ ನಾನು ನನ್ನನ್ನು ಹೋಲಿಸಿಕೊಳ್ಳುತ್ತಿದ್ದದ್ದು ತೆಳ್ಳಗಿರುವವರ ಜೊತೆ ಮಾತ್ರ. ಹೋಲಿಸಲೇಬೇಕೆಂದರೆ ಎದುರು ಬರುವ ಪ್ರತಿ ಮೂರನೆಯವರ ಜೊತೆ, ಅವರು ಹೇಗೇ ಇರಲಿ, ಹೋಲಿಸಿ ನೋಡಿ ಎಂದರು. ಎತ್ತರದವರು, ಕುಳ್ಳರು, ವಯಸ್ಸಾದವರು, ಹೊಟ್ಟೆಯಿರುವವರು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡವರು ಹೀಗೆ ಒಬ್ಬೊಬ್ಬರೇ ಬರುತ್ತ ಹೋದಂತೆ, ನನ್ನ ಅಳತೆಗೋಲಿಗೆ ಸಿಕ್ಕುತ್ತಿದ್ದದ್ದು ಲೋಕದ ಒಂದು ಸಣ್ಣ ಚೂರು ಎಂದು ಅರ್ಥವಾಯಿತು.

"ಇವತ್ತು ದಪ್ಪ ಅನಿಸುತ್ತಿದೆ" ಎಂದಾಗಲೂ ಅವರು ಇಲ್ಲ, ನೀವು ದಪ್ಪವಿಲ್ಲ ಎಂದು ಒಮ್ಮೆಯೂ ಹೇಳಲಿಲ್ಲ. ಆರಂಭದಲ್ಲಿ ಇದು ನನಗೆ ನಿರ್ದಯವೆನಿಸಿತು. ಅಷ್ಟೊಂದು ಸಲ ಕೇಳಿದರೂ ಒಂದು ಒಳ್ಳೆಯ ಮಾತು ಆಡದವರು ಇದ್ದಾರೆಯೇ ಎಂದು ಮನೆಯಲ್ಲಿ ಗೊಣಗಿದ್ದೂ ಉಂಟು. ಅವರು ಕೇಳುತ್ತಿದ್ದದ್ದು, ಬೆಳಗ್ಗೆಯಿಂದ ಸಂಜೆಗೆ ಮೈ ಬದಲಾಗಿಲ್ಲ, ಅನಿಸಿಕೆ ಬದಲಾಗಿದೆ, ಆ ಹೊತ್ತಿನಲ್ಲಿ ಮತ್ತೇನು ನಡೆದಿತ್ತು ಎಂದು. ಹುಡುಕಿದರೆ ದಣಿವೋ, ಅವಮಾನವೋ, ಬೇಸರವೋ ಸಿಗುತ್ತಿತ್ತು. ಇಡೀ ಚಿಕಿತ್ಸೆಯಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಆ ಒಂದು ನಿರಾಕರಣೆಗೆ. ಅವರು ಸಮಾಧಾನ ಹೇಳಿದ್ದರೆ ನಾನು ಮುಂದಿನ ವಾರ ಮತ್ತೆ ಅದಕ್ಕೇ ಕೈಚಾಚುತ್ತಿದ್ದೆ.

ಇನ್ನು ದೂರುಗಳು. ಕೇಂದ್ರವಿರುವ ಮಹಡಿಯಲ್ಲೇ ತೂಕ ಇಳಿಸುವ ಕ್ಲಿನಿಕ್ ಒಂದಿದೆ, ಕಾಯುವ ಕೋಣೆ ಇಬ್ಬರಿಗೂ ಒಂದೇ. ಗೋಡೆಯ ಮೇಲೆ "ಮೊದಲು" ಮತ್ತು "ಆಮೇಲೆ" ಎಂಬ ಎರಡು ದೊಡ್ಡ ಚಿತ್ರಗಳು; ನನ್ನ ಪಾಲಿನ ಭೇಟಿಗಳಲ್ಲಿ ಕನಿಷ್ಠ ಹದಿನೈದನ್ನು ನಾನು ಅವುಗಳ ಎದುರು ಕೂತು ಕಾದಿದ್ದೇನೆ. ಕುರ್ಚಿಗಳು ಕಿರಿದು, ಅದರ ಮೇಲೆ ಗಟ್ಟಿ ಕೈಗಳು ಬೇರೆ. ದೊಡ್ಡ ಮೈಯವರು ಅಲ್ಲಿ ಕೂರುವುದಿಲ್ಲ, ಕಿಟಕಿಯ ಬಳಿ ನಿಲ್ಲುತ್ತಾರೆ. ಈ ತೊಂದರೆ ಇರುವವರೆಲ್ಲ ಕಡ್ಡಿಯಂತಿರುತ್ತಾರೆ ಎಂಬ ತಪ್ಪು ಕಲ್ಪನೆ ಕುರ್ಚಿ ತರಿಸಿದವರಿಗೂ ಇದ್ದಿರಬೇಕು. ಮಿತಿಮೀರಿ ತಿನ್ನುವ ಬಿಂಜ್ ಈಟಿಂಗ್ ಡಿಸಾರ್ಡರ್ 2013ರಲ್ಲೇ ಅಮೆರಿಕದ ಮನೋವೈದ್ಯರ ಸಂಘದ ಮಾನಸಿಕ ಕಾಯಿಲೆಗಳ ಕೈಪಿಡಿ ಡಿಎಸ್‌ಎಂ-5ರಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಸೇರಿದೆ, ಅದು ಯಾವ ಅಳತೆಯ ಮೈಯಲ್ಲೂ ಇರಬಹುದು. ಸ್ವಾಗತದ ಮೇಜಿನಲ್ಲಿದ್ದವರು ಒಮ್ಮೆ, "ನಿಮಗೇನು ಮೇಡಂ, ಚೆನ್ನಾಗೇ ಇದ್ದೀರಲ್ಲ" ಎಂದರು. ಪ್ರೀತಿಯಿಂದಲೇ ಅಂದದ್ದು, ಆದರೆ ಆ ಮಾತನ್ನು ಜೀರ್ಣಿಸಿಕೊಳ್ಳಲು ಒಂದು ಸೆಷನ್ ಪೂರ್ತಿ ಹೋಯಿತು. ಆನ್‌ಲೈನಿನಲ್ಲಿ ನಡೆದ ಮೂರು ಸೆಷನ್‌ಗಳು ಸಪ್ಪೆಯಾದವು. ಮೈಯ ಬಗ್ಗೆ ಮಾತಾಡುವ ಐವತ್ತು ನಿಮಿಷವೂ ನನ್ನ ಮುಖ ಪರದೆಯ ಮೂಲೆಯಲ್ಲಿ ನನ್ನನ್ನೇ ದಿಟ್ಟಿಸುತ್ತಿತ್ತು, ಆ ಕಿಟಕಿಯನ್ನು ಮರೆಮಾಡಬಹುದೆಂದು ಥೆರಪಿಸ್ಟ್‌ಗೆ ಹೊಳೆದದ್ದು ಎರಡನೆಯ ಸಲ.

ಈ ಪದ್ಧತಿ ಎಲ್ಲರಿಗೂ ಅಲ್ಲ. ಮನೆಯವರ ಜೊತೆಗಿರುವ ಹದಿಹರೆಯದವರಿಗೆ, ಅದರಲ್ಲೂ ಊಟ ಬಿಟ್ಟು ತೂಕ ತೀರಾ ಇಳಿಸಿಕೊಳ್ಳುವ ಅನೊರೆಕ್ಸಿಯಾ ಇದ್ದರೆ, ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ಕೆಲಸದಿಂದ ಬೆಳೆದುಬಂದ ಕುಟುಂಬ ಆಧಾರಿತ ಚಿಕಿತ್ಸೆಯನ್ನು ಮೊದಲು ಪರಿಗಣಿಸುತ್ತಾರೆ. ಅದರಲ್ಲಿ ಊಟ ಮಾಡಿಸುವ ಹೊಣೆಯನ್ನು ಆರಂಭದಲ್ಲಿ ತಂದೆತಾಯಿಯೇ ಹೊರುತ್ತಾರೆ. ಮಿತಿಮೀರಿ ತಿಂದು ವಾಂತಿಯಂಥ ದಾರಿಯಲ್ಲಿ ಅದನ್ನು ಕಳೆದುಕೊಳ್ಳಲು ನೋಡುವ ಬುಲಿಮಿಯಾ ಇರುವ ಕೆಲವರಿಗೆ ಮನೋವೈದ್ಯರು, ಖಿನ್ನತೆಗೂ ಬಳಸುವ ಫ್ಲುಆಕ್ಸೆಟಿನ್ ಮಾತ್ರೆಯನ್ನೂ ಕೊಡುತ್ತಾರೆ, ನನಗೆ ಅದರ ಅಗತ್ಯ ಬೀಳಲಿಲ್ಲ. ತಲೆಸುತ್ತಿ ಬೀಳುವುದು, ಎದೆನೋವು, ಏನೂ ಸೇರದಿರುವುದು, ಬದುಕು ಸಾಕೆನಿಸುವುದು ಇವುಗಳಲ್ಲಿ ಯಾವುದಿದ್ದರೂ ಮುಂದಿನ ವಾರದ ಅಪಾಯಿಂಟ್‌ಮೆಂಟಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಉಳಿದಂತೆ ಥೆರಪಿಸ್ಟ್ ಹುಡುಕುವವರು ಮೊದಲ ಫೋನಿನಲ್ಲೇ, ಈ ಕಾಯಿಲೆಯವರನ್ನು ನೋಡಿ ಅಭ್ಯಾಸವಿದೆಯೇ, ಯಾವ ಪದ್ಧತಿ, ದೇಹದ ಪರೀಕ್ಷೆಗಳನ್ನು ಯಾರು ಗಮನಿಸುತ್ತಾರೆ ಎಂದು ಸಂಕೋಚವಿಲ್ಲದೆ ಕೇಳಬಹುದು. ಈ ಮೂರಕ್ಕೆ ಉತ್ತರ ತೊದಲಿದರೆ ಬೇರೆಡೆ ನೋಡುವುದು ಲೇಸು.

ನನ್ನ ಮಟ್ಟಿಗೆ, ಬಾಗಿಲು ಹಾಕಿಕೊಂಡು ತಿನ್ನುವ ರಾತ್ರಿಗಳು ಎರಡನೆಯ ತಿಂಗಳಲ್ಲಿ ವಿರಳವಾಗಿ, ಕೊನೆಯ ಹೊತ್ತಿಗೆ ನಿಂತವು; ಆಮೇಲೆ ಎರಡು ಸಲ ಮರುಕಳಿಸಿವೆ. ಅಂಥ ದಿನಕ್ಕೆಂದೇ ಕೊನೆಯ ಸೆಷನ್‌ನಲ್ಲಿ ಬರೆದುಕೊಂಡ ಒಂದು ಹಾಳೆಯಿದೆ, ಅದರ ಮೊದಲ ಸಾಲು ಮುಂದಿನ ಊಟವನ್ನು ಬಿಡಬೇಡ ಎಂದು. ಕನ್ನಡಿಯ ಮುಂದೆ ಈಗಲೂ ನಿಲ್ಲುತ್ತೇನೆ, ಬೇಗ ಹೊರಡುತ್ತೇನೆ.

ಚಿಕಿತ್ಸೆ ಮುಗಿದ 20 ವಾರಕ್ಕೆ ಮರುಪರಿಶೀಲನೆಯ ಭೇಟಿಯೊಂದು ಇರುತ್ತದೆ. ಕಳೆದ ವಾರ ಅದಕ್ಕೆ ಹೋಗಿದ್ದೆ. ಅಭಿಪ್ರಾಯ ಪತ್ರದಲ್ಲಿ ಚಿತ್ರಗಳ ಬಗ್ಗೆಯೂ ಕುರ್ಚಿಗಳ ಬಗ್ಗೆಯೂ ಬರೆದುಕೊಟ್ಟಿದ್ದೆ. ಕೈಯಿಲ್ಲದ ಅಗಲವಾದ ಬೆಂಚೊಂದು ಬಂದಿದೆ. "ಆಮೇಲೆ" ಎಂಬ ಚಿತ್ರವನ್ನು ತೆಗೆದಿದ್ದಾರೆ, ಮೊಳೆ ಹಾಗೇ ಇದೆ. "ಮೊದಲು" ಇನ್ನೂ ಗೋಡೆಯ ಮೇಲಿದೆ.