ಬೈಕಿನ ಹ್ಯಾಂಡಲ್‌ಗೆ ಮೊಬೈಲ್ ಸಿಕ್ಕಿಸಿ ವಿಡಿಯೊ ತೆಗೆಯಬೇಡಿ

ಕಳೆದ ಸೆಪ್ಟೆಂಬರ್‌ನಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋದೆ. ಮಳೆ ಬಿಟ್ಟು, ತಿರುವುಗಳಲ್ಲಿ ಬಂಡೆಯಿಂದ ನೀರಿಳಿಯುತ್ತಿದ್ದ ಹೊತ್ತು. ಅದನ್ನೆಲ್ಲ ಸೆರೆಹಿಡಿಯಬೇಕೆಂದು ನನ್ನ 350 ಸಿಸಿ ಬೈಕಿನ ಹ್ಯಾಂಡಲ್‌ಗೆ ಆರುನೂರು ರೂಪಾಯಿಯ ಕ್ಲಾಂಪ್ ಬಿಗಿದು, ಮೊಬೈಲ್ ಸಿಕ್ಕಿಸಿದ್ದೆ.

ಎರಡು ದಿನದ ಬಳಿಕ ಅಕ್ಕನ ಮಗುವಿನ ನಾಮಕರಣ. ತೊಟ್ಟಿಲ ಮುಂದೆ ಮೊಬೈಲ್ ಹಿಡಿದರೆ ಕ್ಯಾಮೆರಾದೊಳಗಿಂದ ಕಟಕಟ ಎಂಬ ಸಣ್ಣ ಸದ್ದು. ಪರದೆಯಲ್ಲಿ ಮಗುವಿನ ಮುಖ ಕಲಕಿದ ನೀರಿನಲ್ಲಿ ಕಂಡಂತೆ ತುಳುಕುತ್ತಿತ್ತು. ಒಂದೇ ಒಂದು ಫೋಟೊ ನೆಟ್ಟಗೆ ಬರಲಿಲ್ಲ. ಕ್ಯಾಮೆರಾ ಭಾಗವನ್ನೇ ಬದಲಿಸಬೇಕು, ವಾರಂಟಿ ಅನ್ವಯಿಸುವುದಿಲ್ಲ ಎಂದರು ಸರ್ವಿಸ್ ಸೆಂಟರಿನವರು. ಒಂಬತ್ತು ಸಾವಿರ ಕೊಟ್ಟೆ. ದುಡ್ಡಿಗಿಂತ ಆ ಫೋಟೊಗಳು ಕೈತಪ್ಪಿದ ನೋವು ಇನ್ನೂ ಹೋಗಿಲ್ಲ.

ಒಐಎಸ್ (ಲೆನ್ಸನ್ನೇ ಸರಿಸಿ ಚಿತ್ರದ ಅಲುಗಾಟ ತಗ್ಗಿಸುವ ವ್ಯವಸ್ಥೆ) ಇರುವ ಮೊಬೈಲುಗಳಲ್ಲಿ ಲೆನ್ಸ್ ಬಿಗಿಯಾಗಿ ಕೂತಿರುವುದಿಲ್ಲ. ನಮ್ಮ ಕೈ ನಡುಗಿದರೂ ಚಿತ್ರ ಮಸುಕಾಗದಿರಲೆಂದು, ಅಲುಗಾಟ ಗುರುತಿಸುವ ಗೈರೊಸ್ಕೋಪ್ ಎಂಬ ಭಾಗ ಅಳೆದು ಹೇಳಿದಷ್ಟು ಅದು ಕೂದಲೆಳೆಯ ದೂರ ಸರಿಯುತ್ತಿರುತ್ತದೆ. ಎಂಜಿನ್ನಿನ ಕಂಪನ ಚಾಸಿಗೆ, ಅಲ್ಲಿಂದ ಹ್ಯಾಂಡಲ್‌ಗೆ ಹತ್ತಿ ಗಂಟೆಗಟ್ಟಲೆ ಈ ನಾಜೂಕು ಭಾಗವನ್ನೇ ಬಡಿಯುತ್ತದೆ. ಹೆಚ್ಚು ಶಕ್ತಿಯ ಬೈಕುಗಳಿಗೆ ಐಫೋನ್ ಸಿಕ್ಕಿಸಬೇಡಿ ಎಂದು ಆಪಲ್ ಕಂಪನಿ 2021ರಲ್ಲೇ ಹೇಳಿತ್ತು; ಸ್ಕೂಟರ್, ಮೊಪೆಡ್‌ಗಳಿಗೂ ಕಂಪನ ತಗ್ಗಿಸುವ ಮೌಂಟ್ ಬೇಕು ಎಂದಿತ್ತು. ನಾನು ಓದಿದ್ದು ಎಲ್ಲ ಮುಗಿದ ಮೇಲೆ. ದಾರಿ ನೋಡಲು ಮ್ಯಾಪ್ ತೆರೆದು ಮೊಬೈಲ್ ಸಿಕ್ಕಿಸಿಕೊಳ್ಳುವವರಿಗೂ ಇದೇ ಅಪಾಯ, ರೆಕಾರ್ಡಿಂಗ್ ಆಫ್ ಇದ್ದರೂ ಕಂಪನ ನಿಲ್ಲುವುದಿಲ್ಲವಲ್ಲ!

ಈಗ ಓಡಾಟದಲ್ಲಿ ಚಿತ್ರೀಕರಿಸಲೆಂದೇ ಮಾಡಿದ ಪುಟ್ಟ ಆಕ್ಷನ್ ಕ್ಯಾಮೆರಾವನ್ನು ಎದೆಯ ಪಟ್ಟಿಗೆ ಕಟ್ಟಿಕೊಳ್ಳುತ್ತೇನೆ. ಅದರಲ್ಲಿ ಸರಿದಾಡುವ ಲೆನ್ಸ್ ಇಲ್ಲ, ಅಲುಗಾಟವನ್ನು ಸಾಫ್ಟ್‌ವೇರ್ ಸರಿಪಡಿಸುತ್ತದೆ. ಎಂಜಿನ್ನಿನ ನಡುಕವನ್ನು ಮೈ ಬಹುಪಾಲು ನುಂಗಿಕೊಳ್ಳುತ್ತದೆ. ಗಾಳಿಯ ಅಬ್ಬರಕ್ಕೆ ಮಾತು ಕೇಳದು, ಆದ್ದರಿಂದ ಸ್ಪಂಜು ಹೊದಿಸಿದ ಸಣ್ಣ ಮೈಕನ್ನು ಹೆಲ್ಮೆಟ್ಟಿನೊಳಗೆ ಬಾಯಿಯ ಬಳಿ ಇಡಬೇಕು.

ಮೆಮೊರಿ ಕಾರ್ಡಿನಲ್ಲೂ ಮೋಸಹೋದೆ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡ '128 ಜಿಬಿ' ಕಾರ್ಡು 16 ಜಿಬಿ ತುಂಬಿದ ಮೇಲೆ ಬರೆದದ್ದೆಲ್ಲ ಹಾಳು. 4ಕೆ ವಿಡಿಯೊಗೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುವ, ವಿ30 ಗುರುತಿನ ಕಾರ್ಡನ್ನು ಬಿಲ್ ಸಮೇತ ಕೊಳ್ಳಿ. ತಂದ ದಿನವೇ ಅದನ್ನು ಪೂರ್ತಿ ತುಂಬಿಸಿ, ಕೊನೆಯ ವಿಡಿಯೊ ತೆರೆಯುತ್ತದೆಯೇ ನೋಡಿ. ತೆರೆಯದಿದ್ದರೆ ಅಂದೇ ಅಂಗಡಿಗೆ ವಾಪಸ್ ಕೊಡಿ.