ಆರ್‌ಒ ವಾಲ್ವ್ ಹಾಕಿಸುವಾಗ ನಾವು ಮಾಡಿದ ತಪ್ಪು ನೀವು ಮಾಡಬೇಡಿ

ನಿಮ್ಮ ಮನೆಯಲ್ಲಿ ಆರ್‌ಒ, ಅಂದರೆ ಕುಡಿಯುವ ನೀರು ಸೋಸುವ ಮೆಷಿನ್, ಇದ್ದರೆ ಮೊದಲು ಒಂದು ಸಣ್ಣ ಕೆಲಸ ಮಾಡಿ. ಅದರ ಸ್ವಿಚ್ ಆಫ್ ಮಾಡಿ. ಐದು ನಿಮಿಷ ಬಿಟ್ಟು ಸಿಂಕಿಗೆ ಬಿಟ್ಟಿರುವ ವೇಸ್ಟ್ ಪೈಪಿನ ತುದಿ ನೋಡಿ. ನೀರು ನಿಂತಿದ್ದರೆ ಸರಿ. ಇನ್ನೂ ಸಣ್ಣಗೆ ಬರ್ತಾನೇ ಇದ್ದರೆ ಈ ಬರಹ ನಿಮಗೇ. ನಾವು ಹಾಗೆ ನೋಡಲಿಲ್ಲ. ಸುಮಾರು ಐವತ್ತು ದಿನ ನೋಡಲಿಲ್ಲ.

ನಮ್ಮದು ಬೆಂಗಳೂರಿನಲ್ಲಿ ಎರಡನೇ ಮಹಡಿ ಮನೆ. ಕಾವೇರಿ ನೀರು ಬರುತ್ತೆ, ಸಾಲದ್ದಕ್ಕೆ ಬೋರ್‌ವೆಲ್ ನೀರು ಬೆರೆಯುತ್ತೆ. 2024ರ ಫೆಬ್ರುವರಿಯಲ್ಲಿ ಆರ್‌ಒ ನೀರು ನಿಧಾನವಾಗಿ ತುಂಬುತ್ತಿದೆ ಅನ್ನಿಸಿತು. ನಾನು ಫೋನಿನಲ್ಲಿ ಹುಡುಕಿ, ಮೊದಲು ಸಿಕ್ಕ 'ಕಸ್ಟಮರ್ ಕೇರ್' ನಂಬರಿಗೆ ಫೋನ್ ಮಾಡಿದೆ. ಅದು ಕಂಪನಿಯ ನಂಬರೇ ಅಲ್ಲ. ಬಂದವನು ಕಂಪನಿಯ ಹೆಸರು ಬರೆದ ಟೀ ಶರ್ಟ್ ಹಾಕಿದ್ದ, ನಾನು ನಂಬಿಬಿಟ್ಟೆ. ನಿಜವಾದ ನಂಬರ್ ಮೆಷಿನ್ನಿನ ಮೈಮೇಲಿನ ಸ್ಟಿಕ್ಕರಿನಲ್ಲೇ ಇತ್ತು. ಬಗ್ಗಿ ನೋಡುವ ಸೋಮಾರಿತನ ನನ್ನದು.

ಅವನು ಮುಕ್ಕಾಲು ಗಂಟೆಯಲ್ಲಿ ಮೂರು ಕೆಲಸ ಮಾಡಿದ. ಮೊದಲ ಹಂತದಲ್ಲಿ ಕಸ ತಡೆಯುವ ಪ್ರೀ ಫಿಲ್ಟರ್ ಕ್ಯಾಂಡಲ್ ಬದಲಾಯಿಸಿದ, ಅದು ಬೇಕಿತ್ತು. ಒಳಗೆ ಕರೆಂಟಿನಲ್ಲಿ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್, ಅವರ ಬಾಯಲ್ಲಿ 'ಎಸ್‌ವಿ', ಹೋಗಿದೆ ಅಂತ ಹೊಸದು ಹಾಕಿದ. ಸಿಂಕಿನ ಕೆಳಗೆ ನಲ್ಲಿ ಪೈಪಿನಿಂದ ಆರ್‌ಒಗೆ ನೀರು ತೆಗೆದುಕೊಳ್ಳುವ ಇನ್‌ಲೆಟ್ ವಾಲ್ವ್ ಜಾಮ್ ಆಗಿದೆ ಅಂದ. ಹಳೇ ಸ್ಟೀಲಿನದನ್ನು ತೆಗೆದು ಪ್ಲಾಸ್ಟಿಕ್ಕಿನದು ಹಾಕಿದ. ಹಳೇ ಸಾಮಾನೆಲ್ಲಾ ಬ್ಯಾಗಿಗೆ ಹಾಕಿಕೊಂಡು ಹೋದ. ಬಿಲ್ ಕೇಳಿದ್ದಕ್ಕೆ "ವಾಟ್ಸ್ಆಪ್ ಮಾಡ್ತೀನಿ ಮೇಡಂ" ಅಂದ. ಆ ಬಿಲ್ ಇವತ್ತಿಗೂ ಬಂದಿಲ್ಲ.

ಅದಾದ ವಾರಕ್ಕೆ ನಮ್ಮ ಅತ್ತೆ ಶುರು ಮಾಡಿದರು. "ರಾತ್ರಿ ಎಲ್ಲೋ ನೀರು ಹರಿಯೋ ಸದ್ದು ಬರ್ತಿದೆ ಕಣಮ್ಮ." ಅವರ ಕೋಣೆ ಅಡುಗೆಮನೆಗೆ ಅಂಟಿಕೊಂಡೇ ಇದೆ. ಪಕ್ಕದ ಮನೆಯವರ ಮೋಟರ್ ಇರಬೇಕು ಅಂತ ನಾನಂದೆ. ನಮ್ಮನೆಯವರು ಅದನ್ನೂ ಹೇಳಲಿಲ್ಲ, ಟಿವಿ ಸೌಂಡ್ ಜಾಸ್ತಿ ಮಾಡಿದರು.

ಇಷ್ಟಾದರೂ ನೀರು ತುಂಬುವುದು ಮೊದಲಿನಷ್ಟೇ ನಿಧಾನ. ಅದೇ ನಂಬರಿಗೆ ಮತ್ತೆ ಫೋನ್ ಮಾಡಿದೆ. ಬಂದು ನೋಡಿ ಮೆಂಬ್ರೇನ್, ಅಂದರೆ ನೀರು ಸೋಸುವ ಮುಖ್ಯ ಫಿಲ್ಟರ್, ಹೋಗಿದೆ ಅಂದ, 2,800 ರೂಪಾಯಿ ತಗೊಂಡ. ವೇಸ್ಟ್ ಪೈಪಿನಲ್ಲಿ ಯಾವಾಗಲೂ ನೀರು ಬರುತ್ತಲ್ಲ ಅಂತ ನಾನೇ ಕೇಳಿದೆ. "ಆರ್‌ಒ ಅಂದ್ರೆ ಹಂಗೇ ಮೇಡಂ, ನೀರು ವೇಸ್ಟ್ ಆಗ್ಲೇಬೇಕು" ಅಂದ. ಈ ಮಾತಿನಲ್ಲಿ ಅರ್ಧ ನಿಜ ಇದೆ, ಅದಕ್ಕೇ ನಾನು ಮೋಸಹೋದೆ. ಮನೆಯ ಆರ್‌ಒ ಒಂದು ಲೀಟರ್ ಒಳ್ಳೆ ನೀರು ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುತ್ತೆ, ನಿಜ. ಆದರೆ ಅದು ಕೆಲಸ ಮಾಡುವಾಗ ಮಾತ್ರ. ಮೆಷಿನ್ನಿನ ಟ್ಯಾಂಕ್ ತುಂಬಿದ ಮೇಲೆ ಒಂದು ಹನಿಯೂ ಬರಬಾರದು.

ಮಾರ್ಚ್ ಬಂತು. ಆ ಮಾರ್ಚಿನ ಬೆಂಗಳೂರು ನೆನಪಿದೆ ಅಲ್ವಾ? ಬೋರ್‌ವೆಲ್ ಬತ್ತಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಐದು ಕಿಲೋಮೀಟರ್ ಒಳಗಾದರೆ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ ಅಂತ ಸರ್ಕಾರ ದರ ಕಟ್ಟಿತ್ತು. ಆ ದರಕ್ಕೆ ನಮಗೆ ಟ್ಯಾಂಕರ್ ಸಿಕ್ಕಿದ್ದು ಒಂದೇ ಸಲ. ಪಾತ್ರೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಬಾತ್‌ರೂಮಿಗೆ ಹೊರುತ್ತಿದ್ದೆವು. ಅದೇ ಹೊತ್ತಿಗೆ ಆ ಸಿಂಕಿನ ಮೂಲೆಯಲ್ಲೇ ಒಂದು ಸಣ್ಣ ಪೈಪು ಹಗಲು ರಾತ್ರಿ ನೀರು ಬಿಡುತ್ತಿತ್ತು.

ಕಂಡುಹಿಡಿದದ್ದು ನಮ್ಮ ಬೀದಿಯ ಪ್ಲಂಬರ್ ಅಣ್ಣ, ಅದೂ ಬೇರೆ ಕೆಲಸಕ್ಕೆ ಬಂದವರು. ನಲ್ಲಿಗಳಿಗೆ ನೀರು ಉಳಿಸುವ ಜಾಲರಿ, ಏರೇಟರ್, ಹಾಕಲು ಕರೆದಿದ್ದೆವು. ಅವರು ಆರ್‌ಒ ಸ್ವಿಚ್ ಆಫ್ ಮಾಡಿಸಿ, ವೇಸ್ಟ್ ಪೈಪನ್ನು ಒಂದು ಲೀಟರ್ ಬಾಟಲಿಗೆ ಇಟ್ಟು ಗಡಿಯಾರ ನೋಡಿದರು. ಹನ್ನೆರಡು ನಿಮಿಷಕ್ಕೆ ಬಾಟಲಿ ತುಂಬಿತು. ಗಂಟೆಗೆ ಐದು ಲೀಟರ್. ದಿನಕ್ಕೆ ನೂರು ಲೀಟರಿಗೂ ಜಾಸ್ತಿ. ನಾವು ತರಿಸಿದ ಟ್ಯಾಂಕರುಗಳಲ್ಲಿ ಹತ್ತಿರ ಹತ್ತಿರ ಒಂದು ಪೂರ್ತಿ ಟ್ಯಾಂಕರ್ ಆ ಪೈಪಿನಲ್ಲೇ ಹೋಗಿತ್ತು. ಅತ್ತೆ ಬಾಗಿಲಲ್ಲಿ ನಿಂತಿದ್ದರು, ಏನೂ ಅನ್ನಲಿಲ್ಲ. ಅಂದುಬಿಟ್ಟಿದ್ದರೇ ಚೆನ್ನಾಗಿತ್ತು.

ಆಮೇಲೆ ಮುಚ್ಚಳ ಬಿಚ್ಚಿ ಎಸ್‌ವಿ ತೋರಿಸಿದರು. ಅದರ ಮೈಮೇಲೆ ಒಂದು ಸಣ್ಣ ಬಾಣ ಇರುತ್ತೆ, ನೀರು ಯಾವ ಕಡೆಯಿಂದ ಯಾವ ಕಡೆಗೆ ಹೋಗಬೇಕು ಅಂತ. ನಮ್ಮದರಲ್ಲಿ ಬಾಣ ಉಲ್ಟಾ ಇತ್ತು. ಎರಡೂ ಬದಿಯ ಪೈಪ್ ಒಂದೇ ಅಳತೆ, ಆದ್ದರಿಂದ ಉಲ್ಟಾ ಹಾಕಿದರೂ ಸರಾಗವಾಗಿ ಕೂರುತ್ತೆ. ಕರೆಂಟ್ ಬಂದಾಗ 'ಟಕ್' ಅಂತ ತೆರೆಯುತ್ತೆ, ನೀರೂ ಬರುತ್ತೆ. ಎಲ್ಲಾ ಸರಿ ಇದೆ ಅನ್ನಿಸುತ್ತೆ. ತೊಂದರೆ ಇರುವುದು ಮುಚ್ಚುವಾಗ. ಅದರೊಳಗೆ ಒಂದು ತೆಳು ರಬ್ಬರ್ ಪೊರೆ ಇದೆ. ಸರಿಯಾಗಿ ಹಾಕಿದರೆ ಬರುವ ನೀರಿನ ಒತ್ತಡವೇ ಆ ಪೊರೆಯನ್ನು ಮೇಲಿನಿಂದ ಒತ್ತಿ ಮುಚ್ಚಿ ಹಿಡಿಯುತ್ತೆ. ಉಲ್ಟಾ ಹಾಕಿದರೆ ಅದೇ ಒತ್ತಡ ಕೆಳಗಿನಿಂದ ಪೊರೆಯನ್ನು ಎತ್ತುತ್ತೆ. ಮೆಷಿನ್ ಒಳಗಿನ ಪಂಪ್ ನಿಂತಿದ್ದರೂ ಮಹಡಿ ಮೇಲಿನ ಟ್ಯಾಂಕಿನ ನೀರು ಪಂಪಿನ ಮೂಲಕ ನುಸುಳಿ, ಮೆಂಬ್ರೇನ್ ಪಕ್ಕದಿಂದ ವೇಸ್ಟ್ ಪೈಪಿಗೆ ಇಳಿಯುತ್ತಾ ಇರುತ್ತೆ.

ತಿರುಗಿಸಿ ಹಾಕಿದ ಮೇಲೆ ನೀರು ನಿಂತಿತು. ನಿಂತೇಬಿಟ್ಟಿತು ಅನ್ನುವ ಹಾಗಿಲ್ಲ, ಹನಿ ಹನಿ ಬೀಳುತ್ತಿತ್ತು. ಬಿಚ್ಚಿ ನೋಡಿದರೆ ಪೊರೆಯ ಅಂಚಿನಲ್ಲಿ ಮರಳಿನ ಒಂದು ಕಣ. ಬೋರ್ ನೀರು ಇರುವ ಮನೆಗಳಲ್ಲಿ ಮರಳಿನ ಜೊತೆ ಬಿಳೀ ಸುಣ್ಣವೂ ಅಲ್ಲಿ ಕಟ್ಟುತ್ತಂತೆ. ಎಸ್‌ವಿ ಯಾವತ್ತೂ ಮರಳು, ಕಸ ತಡೆಯುವ ಸೆಡಿಮೆಂಟ್ ಫಿಲ್ಟರ್ ಆದ ಮೇಲೆ ಇರಬೇಕು. ಅದಕ್ಕಿಂತ ಮುಂಚೆ ಹಾಕಿದ್ದರೆ ಕಸವೆಲ್ಲಾ ಅದರ ಬಾಯಿಗೇ. ಆ ಟೀ ಶರ್ಟಿನವನು ಜಾಗವನ್ನೂ ತಪ್ಪು ಮಾಡಿದ್ದ.

ಮೊದಲು ನೀರು ನಿಧಾನ ಆಗಿದ್ದಕ್ಕೆ ಕಾರಣ ಎಸ್‌ವಿಯೂ ಅಲ್ಲ, ಮೆಂಬ್ರೇನೂ ಅಲ್ಲ. ಮೆಂಬ್ರೇನಿಗೆ ನೀರು ತಳ್ಳುವ ಬೂಸ್ಟರ್ ಪಂಪಿಗೆ 24 ವೋಲ್ಟ್ ಕೊಡುವ ಅಡಾಪ್ಟರ್ ಸೊರಗಿತ್ತು, ಅಷ್ಟೇ. ಆ 2,800 ರೂಪಾಯಿ ಸುಮ್ನೆ ಹೋಯಿತು.

ಹೋಗುವಾಗ ಪ್ಲಂಬರ್ ಅಣ್ಣ ಸಿಂಕಿನ ಕೆಳಗೆ ಟಾರ್ಚ್ ಬಿಟ್ಟು, "ಅಕ್ಕ, ಈ ಪ್ಲಾಸ್ಟಿಕ್ ವಾಲ್ವ್ ಬದಲಾಯಿಸಿಬಿಡಿ. ಸ್ಪ್ಯಾನರಲ್ಲಿ ಸಿಕ್ಕಾಪಟ್ಟೆ ಬಿಗಿದಿದಾನೆ" ಅಂದರು. ಇನ್ನೊಂದು ಸಲ ನೋಡೋಣ ಅಂದೆವು. ಮುನ್ನೂರು ರೂಪಾಯಿಯ ಕೆಲಸ.

ಮೇ ತಿಂಗಳಲ್ಲಿ ನಲ್ಲಿಗಳಲ್ಲಿ ನೀರು ಜೋರಾಗಿ ಬರಲಿ ಅಂತ ಮಹಡಿಯ ಟ್ಯಾಂಕಿಗೆ ಪ್ರೆಷರ್ ಪಂಪ್ ಹಾಕಿಸಿದೆವು. ಟ್ಯಾಂಕಿನ ನೀರು ಬರೀ ಎತ್ತರದಿಂದ ಇಳಿದರೆ ಹತ್ತು ಮೀಟರಿಗೆ ಹೆಚ್ಚುಕಮ್ಮಿ ಒಂದು ಬಾರ್ ಒತ್ತಡ. ನಮ್ಮ ಮನೆಗೆ ಅದರ ಅರ್ಧವೂ ಇರಲಿಲ್ಲ. ಪಂಪ್ ಬಂದ ಮೇಲೆ ಎರಡು ಬಾರ್ ದಾಟಿತು. ನಲ್ಲಿ ತಿರುಗಿಸಿ ಖುಷಿಪಟ್ಟೆವು. ಆ ಒತ್ತಡ ಸಿಂಕಿನ ಕೆಳಗಿನ ಪ್ಲಾಸ್ಟಿಕ್ಕಿನ ಮೇಲೂ ಇಪ್ಪತ್ನಾಲ್ಕು ಗಂಟೆ ಬೀಳುತ್ತೆ ಅನ್ನುವುದು ತಲೆಗೇ ಬರಲಿಲ್ಲ.

ಹಾಸನಕ್ಕೆ ಮದುವೆಗೆ ಹೋಗಿದ್ದೆವು. ಬೆಳಗಿನ ಜಾವ ಐದಕ್ಕೆ ಕೆಳಗಿನ ಮನೆ ಆಂಟಿ ಫೋನ್. "ನಮ್ಮ ಅಡುಗೆಮನೆ ಸೀಲಿಂಗಿಂದ ನೀರು ಸುರೀತಿದೆ, ನೀವೆಲ್ಲಿದೀರ?" ಅವರ ಹತ್ತಿರ ನಮ್ಮ ಮನೆ ಕೀ ಇರಲಿಲ್ಲ. ಕೊನೆಗೆ ಅವರ ಮಗ ಮಹಡಿಗೆ ಹೋಗಿ ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಿ, ಪಂಪಿನ ಸ್ವಿಚ್ ಆಫ್ ಮಾಡಿದ. ಅಷ್ಟರಲ್ಲಿ ಸಾವಿರ ಲೀಟರ್ ಟ್ಯಾಂಕ್ ಬಹುಪಾಲು ನಮ್ಮ ಅಡುಗೆಮನೆಗೇ ಬಂದಿತ್ತು. ನಾವು ಬಂದಾಗ ಕೆಳಗಿನ ಕ್ಯಾಬಿನೆಟ್ಟುಗಳ ಪ್ಲೈವುಡ್ ಹಪ್ಪಳದ ಥರ ಉಬ್ಬಿತ್ತು. ಇಪ್ಪತ್ತೈದು ಕಿಲೋ ಅಕ್ಕಿ ಮೂಟೆ ಪಾಯಸಕ್ಕೂ ಬಾರದ ಹಾಗೆ ನೆಂದಿತ್ತು. ಆಂಟಿ ಮನೆಯ ಪಿಒಪಿ ಸೀಲಿಂಗ್ ಒಂದು ಮೂಲೆ ಬಿದ್ದಿತ್ತು. ಅವರದ್ದೂ ನಮ್ಮದೂ ಸೇರಿ 64,000 ರೂಪಾಯಿ.

ಸಿಂಕಿನ ಕೆಳಗಿನ ಅದೇ ಪ್ಲಾಸ್ಟಿಕ್ ವಾಲ್ವ್ ಸೀಳಿತ್ತು, ಚೂಡಿಯ (ತಿರುಗಿಸಿ ಕೂರಿಸುವ ಥ್ರೆಡ್ಡಿನ) ಬುಡದಲ್ಲಿ. ಆ ಟೀ ಶರ್ಟಿನವನು ಟೆಫ್ಲಾನ್ ಟೇಪನ್ನು ದಪ್ಪವಾಗಿ ಸುತ್ತಿ ಸ್ಪ್ಯಾನರಿನಲ್ಲಿ ತಿರುಗಿಸಿದ್ದ. ಪ್ಲಾಸ್ಟಿಕ್ ಚೂಡಿಗೆ ಟೇಪು ಕೆಲವೇ ಸುತ್ತು ಸಾಕು, ಅದೂ ಚೂಡಿ ತಿರುಗುವ ದಿಕ್ಕಿನಲ್ಲೇ. ಕೈಯಲ್ಲಿ ಬಿಗಿ ಮಾಡಿ ಆಮೇಲೆ ಕಾಲು ಸುತ್ತು, ಹೆಚ್ಚೆಂದರೆ ಅರ್ಧ. ಒಳಗೆ ರಬ್ಬರ್ ವಾಷರ್ ಇರುವ ಜಾಯಿಂಟಿಗೆ ಟೇಪೇ ಬೇಡ. ಮೆಷಿನ್ನಿಗೆ ಹೋಗುವ ಬಿಳೀ ಪೈಪನ್ನು ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಲು ಬಿಡಬೇಡಿ. ಬ್ಲೇಡಿನಲ್ಲಿ ನೇರವಾಗಿ ಕತ್ತರಿಸಿ, ಪೂರ್ತಿ ಒಳಗೆ ತಳ್ಳಿ, ಲಾಕ್ ಕ್ಲಿಪ್ ಹಾಕಿಸಿ. ಎಸ್‌ವಿ ಎಷ್ಟೇ ಒಳ್ಳೆಯದಿದ್ದರೂ ಈ ಇನ್‌ಲೆಟ್ ವಾಲ್ವನ್ನು ಕಾಯುವುದಿಲ್ಲ. ಅದಿರುವುದು ಮೆಷಿನ್ ಒಳಗೆ, ಇದು ಅದಕ್ಕಿಂತ ಮುಂಚೆ.

ಈಗ ಅಲ್ಲಿ ಸ್ಟೀಲ್ ವಾಲ್ವ್ ಇದೆ. ತಿಂಗಳಿಗೊಮ್ಮೆ ಅದನ್ನು ಮುಚ್ಚಿ ತೆರೆಯುತ್ತೇನೆ, ಇಲ್ಲದಿದ್ದರೆ ಬೇಕಾದಾಗ ತಿರುಗುವುದೇ ಇಲ್ಲ. ಊರಿಗೆ ಹೊರಟರೆ ಮುಚ್ಚಿಯೇ ಹೊರಡುತ್ತೇವೆ. ಆಂಟಿಗೆ ಒಂದು ಕೀ ಕೊಟ್ಟಿದ್ದೇವೆ. ಸೀಳಿದ ವಾಲ್ವ್ ಅಡುಗೆಮನೆ ಡ್ರಾಯರಿನಲ್ಲಿದೆ. ಮೊನ್ನೆ ಕಂಪನಿಯಿಂದಲೇ ಬಂದ ಹುಡುಗನಿಗೆ ಅದನ್ನು ತೋರಿಸಿದೆ, ಉಲ್ಟಾ ಬಾಣದ ಕಥೆಯನ್ನೂ ಹೇಳಿದೆ. ಅವನು ನಕ್ಕ. ಆಮೇಲೆ ತಾನು ಆಗಷ್ಟೇ ಹಾಕಿದ ಎಸ್‌ವಿ ಕಡೆ ಬಗ್ಗಿ ಇನ್ನೊಂದು ಸಲ ನೋಡಿದ.