ಕೋಲಾರದಲ್ಲಿ ಒಂದು ದಿನದ ಇತಿಹಾಸ ಪ್ರವಾಸ: ಬೂತುಗನ ಕಥೆ ಕೇಳಿದ ಅನುಭವ

ಕಳೆದ ಭಾನುವಾರ ಮನೆಯವರೊಂದಿಗೆ ಕೋಲಾರದ ಒಂದು ದಿನದ ಇತಿಹಾಸ ಪ್ರವಾಸಕ್ಕೆ ಹೋಗಿದ್ದೆ. ಬಸ್ ನಿಲ್ದಾಣದಿಂದ ಕರೆದೊಯ್ದು ಸಂಜೆ ಅಲ್ಲಿಗೇ ತಂದು ಬಿಡುವ ಈ ಸೇವೆಗೆ, ಮುದ್ದೆ ಬಸ್ಸಾರಿನ ಊಟವೂ ಸೇರಿ, ತಲಾ 700 ರೂಪಾಯಿ ಕೊಟ್ಟೆವು.

ಕೊಟ್ಟ ಹಣ ಸಾರ್ಥಕವಾದದ್ದು ಮಾರ್ಗದರ್ಶಿಗಳಿಂದ. ಇತಿಹಾಸದ ನಿವೃತ್ತ ಉಪನ್ಯಾಸಕರಾದ ಅವರು ನಮ್ಮನ್ನು ಕೋಲಾರಮ್ಮನ ಗುಡಿಯ ಬಳಿ ಕೂರಿಸಿಕೊಂಡು ಗಂಗರ ದೊರೆ ಇಮ್ಮಡಿ ಬೂತುಗನ ಕಥೆ ಹೇಳಿದರು. ನಾಲ್ಕನೆಯ ಶತಮಾನದಲ್ಲಿ ಕುವಲಾಲವೆಂಬ ಇದೇ ಊರಿನಿಂದ ಸ್ವತಂತ್ರರಾಗಿ ಆಳತೊಡಗಿದ ಗಂಗರು ಮುಂದೆ ಬಾದಾಮಿ ಚಾಲುಕ್ಯರಿಗೂ ಆಮೇಲೆ ರಾಷ್ಟ್ರಕೂಟರಿಗೂ ಸಾಮಂತರಾದರು. ಆದರೂ ‘ಕುವಲಾಲಪುರವರೇಶ್ವರ’, ‘ನಂದಗಿರಿನಾಥ’ ಎಂಬ ಬಿರುದುಗಳನ್ನು ಬಿಡಲಿಲ್ಲ. ಬೂತುಗ ರಾಷ್ಟ್ರಕೂಟ ಮೂರನೆಯ ಕೃಷ್ಣನ ಅಕ್ಕ ರೇವಕನಿಮ್ಮಡಿಯ ಗಂಡ. 949ರಲ್ಲಿ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದದ್ದಕ್ಕೆ ಮೆಚ್ಚಿ, ಕೃಷ್ಣನು ಅವನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 ಮೊದಲಾದ, ಆಗ ಹೀಗೆ ಸಂಖ್ಯೆ ಸೇರಿಸಿಯೇ ಕರೆಯುತ್ತಿದ್ದ ನಾಡುಗಳನ್ನು ಆಳಲು ಕೊಟ್ಟನು.

ಬಳಿಕ ಅವರು ಚೀಲದಿಂದ, ಈ ಸಂಗತಿಗಳನ್ನು ಹೇಳುವ ಆತಕೂರಿನ ಕಲ್ಲುಶಾಸನದ ದೊಡ್ಡ ಫೋಟೊ ತೆಗೆದರು. ಅದೇ ಯುದ್ಧದಲ್ಲಿ ಹೋರಾಡಿದ ತನ್ನ ಆಳು ಮಣಲೇರನಿಗೆ ಬೂತುಗ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಹಂದಿಯೊಂದರ ಜೊತೆ ಸೆಣಸಿ, ಎರಡೂ ಸತ್ತವು. ನಾಯಿ ಹಂದಿಗಳು ಎದುರುಬದುರಾಗಿ ನಿಂತ ಆ ಕೆತ್ತನೆಯ ಮೇಲೆ ಬೆರಳಾಡಿಸುತ್ತಾ, ಚಕ್ರವರ್ತಿ ಸಾಮಂತನಿಗೆ ನಾಡು ಕೊಟ್ಟದ್ದೂ ಸಾಮಂತ ತನ್ನ ಆಳಿಗೆ ನಾಯಿ ಕೊಟ್ಟದ್ದೂ ಒಂದೇ ಕಲ್ಲಿನಲ್ಲಿವೆ ಎಂದು ಅವರು ತೋರಿಸಿದಾಗ, ಶಾಲೆಯಲ್ಲಿ ಬಾಯಿಪಾಠ ಮಾಡಿದ ‘ಸಾಮಂತ’ ಎಂಬ ಪದದ ಅರ್ಥ ನನಗೆ ಮೊದಲ ಬಾರಿಗೆ ಮನಸ್ಸಿಗಿಳಿಯಿತು. ನಾವು ಕುಳಿತಿದ್ದ ಗುಡಿಯಲ್ಲಿರುವುದೋ ಚೋಳರ ತಮಿಳು ಶಾಸನಗಳು. ತಕ್ಕೋಲದಲ್ಲಿ ಸೋತವರು ಅರ್ಧ ಶತಮಾನ ಕಳೆಯುವಷ್ಟರಲ್ಲಿ ಮರಳಿ ಬಂದು ಗಂಗರ ನಾಡಾದ ಗಂಗವಾಡಿಯನ್ನೇ ಗೆದ್ದರೆಂಬುದನ್ನೂ ಅವರು ಮುಚ್ಚಿಡಲಿಲ್ಲ. ಗಂಗರ ಅರಮನೆ ಇಲ್ಲೇ ಇತ್ತೆಂದು ಯಾವುದೋ ದಿಬ್ಬ ತೋರಿಸಿ ನಂಬಿಸುವ ಕೆಲಸಕ್ಕೂ ಅವರು ಕೈಹಾಕಲಿಲ್ಲ.

ಕೊರತೆಗಳೂ ಇವೆ. ಅಂತರಗಂಗೆ ಬೆಟ್ಟದಲ್ಲಿ ಎರಡು ಗಂಟೆ ಕಳೆದು, ಅಷ್ಟು ಚೆಲುವಾದ ಕಲ್ಯಾಣಮಂಟಪವಿರುವ ಸೋಮೇಶ್ವರ ದೇವಾಲಯವನ್ನು ಇಪ್ಪತ್ತೇ ನಿಮಿಷದಲ್ಲಿ ಮುಗಿಸಿದರು. ಹಂಚಿದ ಜೆರಾಕ್ಸ್ ಹಾಳೆಯ ನಕ್ಷೆ ಮಸುಕಾಗಿ ಊರುಗಳ ಹೆಸರೇ ಓದಲಾಗಲಿಲ್ಲ. ಬನವಾಸಿ ಎಲ್ಲಿ, ಕೋಲಾರ ಎಲ್ಲಿ ಎಂಬುದು ಕಣ್ಣಿಗೆ ಕಾಣದೆ ಬೂತುಗನ ಅಧಿಕಾರದ ಹರವು ಮಕ್ಕಳಿಗೆ ತಿಳಿಯುವುದಿಲ್ಲ. ಇದನ್ನು ಹೊರಡುವ ಮುನ್ನ ಅವರಿಗೇ ಹೇಳಿದ್ದೇನೆ, ಹೊಸದಾಗಿ ಅಚ್ಚು ಹಾಕಿಸುವುದಾಗಿ ಒಪ್ಪಿಕೊಂಡಿದ್ದಾರೆ.